ವಾಗ್ನರ್: ಮನುಷ್ಯ ಬೇರೆ, ಸಂಗೀತ ಬೇರೆಯೇ?

ಜರ್ಮನಿಯ ಒಪೆರಾ ರಚನಕಾರ ರಿಚರ್ಡ್ ವಾಗ್ನರ್ (1813–1883) ಪಾಶ್ಚಾತ್ಯ ಸ್ವರಮೇಳದ ದಿಕ್ಕನ್ನೇ ಬದಲಿಸಿದ ಪ್ರತಿಭಾವಂತ. ಅದೇ ಕೈ 1850ರಲ್ಲಿ ಗುಪ್ತನಾಮದಿಂದ ಯೆಹೂದಿಗಳನ್ನು ಹೀಗಳೆದು ಲೇಖನ ಬರೆಯಿತು. 1869ರಲ್ಲಿ ಅದು ಅವನ ಸ್ವಂತ ಹೆಸರಿನಲ್ಲೇ ಅಚ್ಚಾಯಿತು. ಮುಂದೆ ಹಿಟ್ಲರ್ ಅವನ ಸಂಗೀತದ ಆರಾಧಕನಾದ.

1938ರಲ್ಲಿ ಜರ್ಮನಿಯ ಯೆಹೂದಿಗಳ ಮೇಲೆ ದಾಳಿ ನಡೆದಾಗ, ಈಗಿನ ಇಸ್ರೇಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ವಾಗ್ನರ್‌ನನ್ನು ಕೈಬಿಟ್ಟಿತು. 1981ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಟೆಲ್ ಅವೀವ್‌ನಲ್ಲಿ ಅವನ ಕೃತಿ ನುಡಿಸಿದಾಗ ಸಭೆಯಲ್ಲಿ ಕೋಲಾಹಲವೆದ್ದಿತು.

2001ರಲ್ಲಿ ಜೆರುಸಲೇಮಿನಲ್ಲಿ, ಸ್ವತಃ ಯೆಹೂದಿಯಾದ ಡೇನಿಯಲ್ ಬರೆನ್‌ಬಾಯಿಮ್ ಬೇರೆ ದಾರಿ ಹಿಡಿದರು. ಬೇಡವಾದವರು ಹೊರಡಬಹುದೆಂದು ತಿಳಿಸಿ, ಅರ್ಧ ಗಂಟೆ ಚರ್ಚಿಸಿ, ಆಮೇಲೆ ನುಡಿಸಿದರು. ಕೆಲವರು ಸಿಟ್ಟಿನಿಂದ ಎದ್ದು ಹೋದರು. ಹೆಚ್ಚಿನವರು ಕುಳಿತು ಕೇಳಿದರು.

ಸಂಗೀತದ ಗುಣವನ್ನು ಸಂಗೀತದಿಂದಲೇ ಅಳೆಯಬೇಕು, ನಿಜ. ಆದರೆ ಕೇಳುವ ಕಿವಿಗೆ ನೆನಪೂ ಇರುತ್ತದೆ. ನೊಂದವರನ್ನು ಬಲವಂತವಾಗಿ ಕೇಳಿಸುವ ಹಕ್ಕು ಯಾವ ಕಲೆಗೂ ಇಲ್ಲ.