ತೈವಾನಿನ ತಿಂಡಿ ಬೀದಿಯಲ್ಲಿ

ಪ್ರವೇಶ: ಒಂದು ನಾಡನ್ನು ತಿಳಿಯಲು ಅಲ್ಲಿನ ಕೋಟೆ, ಅರಮನೆ, ವಸ್ತುಸಂಗ್ರಹಾಲಯಗಳನ್ನು ನೋಡುತ್ತೇವೆ. ಜನರು ದಿನವೂ ಬೀದಿಯಲ್ಲಿ ನಿಂತು ತಿನ್ನುವ ತಿಂಡಿಯೂ ಆ ನಾಡಿನ ಕಥೆಯನ್ನು ಹೇಳಬಲ್ಲದು. ಪೂರ್ವ ಏಷ್ಯಾದ ದ್ವೀಪವಾದ ತೈವಾನಿನ ಕೆಲವು ತಿನಿಸುಗಳ ಪರಿಚಯ ಈ ಪಾಠದಲ್ಲಿದೆ.

ಜಾತ್ರೆಯ ದಿನ ಗುಡಿಯ ಮುಂದೆ ಬೆಂಡು ಬತ್ತಾಸು, ಮಂಡಕ್ಕಿ, ಜಿಲೇಬಿಯ ಅಂಗಡಿಗಳು ಸಾಲಾಗಿ ಕುಳಿತಿರುವುದನ್ನು ನೀವು ನೋಡಿದ್ದೀರಿ. ಇಂಥ ಜಾತ್ರೆ ಪ್ರತಿ ರಾತ್ರಿಯೂ ನಡೆದರೆ ಹೇಗಿರುತ್ತದೆ? ತೈವಾನಿನ ರಾತ್ರಿ ಸಂತೆಗಳು ಹಾಗೆಯೇ ಇರುತ್ತವೆ.

ಏಷ್ಯಾದ ಭೂಪಟವನ್ನು ತೆರೆದು ನೋಡಿ. ಚೀನಾದ ಆಗ್ನೇಯ ಕರಾವಳಿಯ ಎದುರಿಗೆ, ಸಮುದ್ರದಲ್ಲಿ ಒಂದು ಎಲೆ ತೇಲುತ್ತಿರುವಂತೆ ಕಾಣುವ ದ್ವೀಪವೇ ತೈವಾನ್. ಅದರ ವಿಸ್ತೀರ್ಣ ಸುಮಾರು 36,000 ಚದರ ಕಿಲೋಮೀಟರ್. ಎಂದರೆ ನಮ್ಮ ಕೇರಳ ರಾಜ್ಯಕ್ಕಿಂತ ಸ್ವಲ್ಪ ಚಿಕ್ಕದು. ಜನಸಂಖ್ಯೆ ಸುಮಾರು 2.3 ಕೋಟಿ. ಕರ್ಕಾಟಕ ಸಂಕ್ರಾಂತಿ ವೃತ್ತವು ದ್ವೀಪದ ನಡುವೆ ಹಾದುಹೋಗುತ್ತದೆ. ಆದ್ದರಿಂದ ಅಲ್ಲಿ ಬೆಳೆಯುವ ಭತ್ತ, ಗೆಣಸು, ಕಬ್ಬು, ಬಾಳೆ, ಅನಾನಸು, ಮಾವು ಎಲ್ಲವೂ ನಮಗೆ ಪರಿಚಿತ ಬೆಳೆಗಳೇ.

ಗುಡಿಯ ಮುಂದಿನ ಸಂತೆ

ತೈವಾನಿನ ಮೂಲನಿವಾಸಿಗಳು ಬೆಟ್ಟ ಬಯಲುಗಳಲ್ಲಿ ಸಾವಿರಾರು ವರ್ಷಗಳಿಂದ ಬಾಳಿದವರು. ಸಿರಿಧಾನ್ಯ, ಗೆಡ್ಡೆಗಳು, ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಅನ್ನ ಅವರ ಆಹಾರ. 17ನೆಯ ಶತಮಾನದಿಂದ ಚೀನಾದ ಫುಜಿಯನ್ ಮತ್ತು ಗ್ವಾಂಗ್‌ಡಾಂಗ್ ಪ್ರಾಂತ್ಯಗಳ ಬಡ ರೈತರು ದೋಣಿಗಳಲ್ಲಿ ಬರತೊಡಗಿದರು. ನಡುವಿನ ಜಲಸಂಧಿ ಬಹಳ ಅಪಾಯಕಾರಿಯಾಗಿತ್ತು. ಬದುಕಿ ದಡ ಸೇರಿದವರು ತಮ್ಮನ್ನು ಕಾಪಾಡಿದಳೆಂದು ಕಡಲ ದೇವಿ ಮಾಜುವಿಗೆ ಗುಡಿಗಳನ್ನು ಕಟ್ಟಿದರು. ಗುಡಿಗೆ ಜನ ಸೇರಿದರು. ಜನರಿರುವಲ್ಲಿಗೆ ತಿಂಡಿ ಮಾರುವವರು ಬಂದರು. ರಾಜಧಾನಿ ತೈಪೆಯ ರಾವ್ಹೆ ರಾತ್ರಿ ಸಂತೆಯ ಬಾಗಿಲಲ್ಲಿ ಇಂದಿಗೂ ಮಾಜುವಿನ ಗುಡಿಯಿದೆ. ಕೀಲುಂಗ್ ಬಂದರಿನ ಸಂತೆಗಂತೂ 'ಗುಡಿಯ ಬಾಗಿಲು' ಎಂದೇ ಹೆಸರು.

ಸಂತೆಯೊಳಗೆ ಕಾಲಿಟ್ಟರೆ ಮೊದಲು ಸಿಗುವುದು ವಾಸನೆ. 'ನಾರುವ ತೋಫು' ಎಂಬ ತಿಂಡಿಯ ಹೆಸರೇ ಹಾಗಿದೆ! ಸೋಯಾ ಹಾಲನ್ನು ಒಡೆಸಿ ಹೆಪ್ಪುಗಟ್ಟಿಸಿದ ತುಂಡುಗಳೇ ತೋಫು. ಅವನ್ನು ಹುದುಗು ಬರಿಸಿದ ಉಪ್ಪುನೀರಿನಲ್ಲಿ ನೆನೆಸಿಟ್ಟು, ಎಣ್ಣೆಯಲ್ಲಿ ಕರಿದು, ಹುಳಿ ಎಲೆಕೋಸಿನೊಡನೆ ಕೊಡುತ್ತಾರೆ. ಹೊರಗೆ ಗರಿಗರಿ, ಒಳಗೆ ಮೃದು. ದೂರದಿಂದ ಮೂಗು ಮುಚ್ಚಿಕೊಂಡವರೇ ಎರಡನೆಯ ತಟ್ಟೆ ಕೇಳುವುದುಂಟು.

ಪಕ್ಕದ ಕಾವಲಿಯ ಮೇಲೆ ಗೆಣಸಿನ ಹಿಟ್ಟಿನ ಗಂಜಿ ಸುರಿದು, ಮೇಲೆ ಮೊಟ್ಟೆ ಒಡೆದು, ಸೊಪ್ಪು ಮತ್ತು ಕಡಲ ಚಿಪ್ಪಿನ ಮಾಂಸ ಸೇರಿಸಿ ದೋಸೆಯಂತೆ ಮಗುಚುತ್ತಿರುತ್ತಾರೆ. 1661ರಲ್ಲಿ ಡಚ್ಚರ ಕೋಟೆಗೆ ಮುತ್ತಿಗೆ ಹಾಕಿದ ಝೆಂಗ್ ಚೆಂಗ್‌ಗೊಂಗನ ಸೈನಿಕರಿಗೆ ಅಕ್ಕಿ ಸಿಗದಿದ್ದಾಗ ಈ ತಿಂಡಿ ಹುಟ್ಟಿತೆಂದು ಜನ ಹೇಳುತ್ತಾರೆ. ಇದು ಜನಪದ ಕಥೆ. ಆದರೆ ಅಕ್ಕಿ ಕಡಿಮೆಯಾದಾಗ ಗೆಣಸು ಬಡವರ ಹೊಟ್ಟೆ ತುಂಬಿಸಿತೆಂಬ ಮಾತು ನಿಜ.

ಹಕ್ಕಾ ಎಂಬ ಸಮುದಾಯದವರು ಹೆಚ್ಚಾಗಿ ಬೆಟ್ಟದ ತಪ್ಪಲಿನಲ್ಲಿ ನೆಲೆಸಿದರು. ಭತ್ತದ ಕೊಯ್ಲಿನ ನಂತರ ಅವರು ಗದ್ದೆಯಲ್ಲಿ ಸಾಸಿವೆ ಸೊಪ್ಪು ಬೆಳೆಯುತ್ತಾರೆ. ಉಪ್ಪು ಹಾಕಿ ಹುಳಿ ಬರಿಸಿದರೆ ಅದು ಒಂದು ಪದಾರ್ಥ. ಸ್ವಲ್ಪ ಒಣಗಿಸಿ ಸೀಸೆಗೆ ತುರುಕಿದರೆ ಇನ್ನೊಂದು. ಪೂರ್ತಿ ಒಣಗಿಸಿ ಕಟ್ಟಿಟ್ಟರೆ ಮೂರನೆಯದು. ಒಂದೇ ಸೊಪ್ಪು ವರ್ಷವಿಡೀ ಉಣಿಸುತ್ತದೆ. ನಮ್ಮ ಮನೆಗಳ ಉಪ್ಪಿನಕಾಯಿ, ಬಾಳಕಗಳ ಹಿಂದಿರುವ ಜಾಣತನವೇ ಇಲ್ಲಿಯೂ ಇದೆ.

ಅಡ್ಡೆಯ ಮೇಲಿನ ಶ್ಯಾವಿಗೆ

ದಕ್ಷಿಣದ ಹಳೆಯ ನಗರ ತೈನಾನ್‌ಗೆ ಹೋದರೆ 'ಡಾನ್‌ಜಾಯ್' ಶ್ಯಾವಿಗೆ ಸಿಗುತ್ತದೆ. ಡಾನ್‌ಜಾಯ್ ಎಂದರೆ ಹೆಗಲ ಮೇಲೆ ಹೊರುವ ಅಡ್ಡೆ. ಬೇಸಿಗೆಯ ಚಂಡಮಾರುತಗಳ ಕಾಲದಲ್ಲಿ ಬೆಸ್ತರು ಕಡಲಿಗೆ ಇಳಿಯುವಂತಿರಲಿಲ್ಲ. ದುಡಿಮೆಯಿಲ್ಲದ ಆ ದಿನಗಳನ್ನು ಅವರು 'ಸಣ್ಣ ತಿಂಗಳು' ಎನ್ನುತ್ತಿದ್ದರು. 1895ರ ಸುಮಾರಿಗೆ ಹಂಗ್ ಯು-ತೌ ಎಂಬ ಬೆಸ್ತನು ಅಡ್ಡೆಯ ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಬಟ್ಟಲುಗಳನ್ನು ತೂಗುಹಾಕಿ ಶ್ಯಾವಿಗೆ ಮಾರತೊಡಗಿದನು. 'ಸಣ್ಣ ತಿಂಗಳನ್ನು ದಾಟುವುದು' ಎಂಬ ಮಾತೇ ಅವನ ಅಂಗಡಿಯ ಹೆಸರಾಯಿತು. ಇಂದಿಗೂ ಈ ಶ್ಯಾವಿಗೆಯನ್ನು ಚಿಕ್ಕ ಬಟ್ಟಲಿನಲ್ಲಿಯೇ ಕೊಡುತ್ತಾರೆ.

ಅದೇ 1895ರಿಂದ 1945ರವರೆಗೆ ತೈವಾನ್ ಜಪಾನಿನ ಆಳ್ವಿಕೆಯಲ್ಲಿತ್ತು. ರೈಲು ನಿಲ್ದಾಣಗಳಲ್ಲಿ ಮಾರುವ ಡಬ್ಬಿಯೂಟ ಆ ಕಾಲದ ಗುರುತು. ಮೀನಿನ ಹಿಟ್ಟನ್ನು ಕರಿದು ಮಾಡುವ ತಿಂಡಿಯ ಹೆಸರಂತೂ ತಮಾಷೆಯಾಗಿದೆ. ಜಪಾನಿನ 'ಟೆಂಪುರಾ' ಎಂಬ ಶಬ್ದ ತೈವಾನಿನವರ ಬಾಯಲ್ಲಿ 'ತಿಯನ್‌ಬುಲಾ' ಆಯಿತು. ಅದನ್ನು ಬರೆಯುವ ಮೂರು ಅಕ್ಷರಗಳನ್ನು ಬಿಡಿಬಿಡಿಯಾಗಿ ಓದಿದರೆ 'ಸಿಹಿ, ಖಾರವಿಲ್ಲ' ಎಂಬ ಅರ್ಥ ಬರುತ್ತದೆ!

ಊರಿಗೆ ಮರಳಲಾಗದವರ ಸಾರು

ತೈವಾನಿನ ಅತ್ಯಂತ ಪ್ರಸಿದ್ಧ ಊಟವೆಂದರೆ ದನದ ಮಾಂಸದ ಶ್ಯಾವಿಗೆ ಸಾರು. ಆಶ್ಚರ್ಯವೆಂದರೆ, ಅಲ್ಲಿನ ಹಳೆಯ ರೈತ ಮನೆತನಗಳು ದನದ ಮಾಂಸವನ್ನು ಮುಟ್ಟುತ್ತಿರಲಿಲ್ಲ. ತಮಗಾಗಿ ಹೊಲ ಉತ್ತ ಪ್ರಾಣಿಯನ್ನು ತಿನ್ನುವುದು ಕೃತಘ್ನತೆ ಎಂಬುದು ಅವರ ನಂಬಿಕೆ. ಇಂದಿಗೂ ಕೆಲವು ಕುಟುಂಬಗಳು ಅದನ್ನು ಪಾಲಿಸುತ್ತವೆ. ಹಾಗಾದರೆ ಈ ಸಾರು ಎಲ್ಲಿಂದ ಬಂತು?

ಚೀನಾದ ಅಂತರ್ಯುದ್ಧದಲ್ಲಿ ಸೋತ ಸರ್ಕಾರ 1949ರಲ್ಲಿ ತೈವಾನಿಗೆ ಬಂದಿತು. ಅದರೊಡನೆ ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರು, ನೌಕರರು, ಅವರ ಮನೆಯವರು ಬಂದರು. ಬೇಗನೆ ಮರಳುತ್ತೇವೆ ಎಂದು ತಂದೆತಾಯಿಗೆ ಹೇಳಿ ಹೊರಟವರು ಅನೇಕರು. ಆದರೆ ಕಡಲ ದಾರಿ ಮುಚ್ಚಿಹೋಯಿತು. ಕಾಗದ ಪತ್ರವೂ ನಿಂತುಹೋಯಿತು. ಚೀನಾದ ಸಿಚುವಾನ್ ಪ್ರಾಂತ್ಯದಿಂದ ಬಂದ ವಾಯುಪಡೆಯ ಕುಟುಂಬಗಳು ಗಾಂಗ್‌ಶಾನ್ ಎಂಬಲ್ಲಿ ತಮ್ಮ ಊರಿನ ರುಚಿಯನ್ನು ನೆನೆದು ಮೆಣಸಿನಕಾಯಿ ಮತ್ತು ಬೀಜದ ಕಾಳುಗಳನ್ನು ಹುದುಗಿಸಿ ಖಾರದ ಹಿಂಡಿ ಮಾಡಿದವು. ಅಮೆರಿಕದ ನೆರವಿನಿಂದ ಗೋಧಿ ಹಿಟ್ಟು ಧಾರಾಳವಾಗಿ ಬರುತ್ತಿತ್ತು. ಆ ಹಿಂಡಿ, ಆ ಹಿಟ್ಟು, ಮಾಂಸ ಮೂರೂ ಸೇರಿ ಈ ಸಾರು ಆಯಿತೆಂಬುದು ಹಲವರ ಅಭಿಪ್ರಾಯ. ನಿವೃತ್ತ ಸೈನಿಕರು ಹೊಟ್ಟೆಪಾಡಿಗಾಗಿ ಬೀದಿಯಲ್ಲಿ ಇದರ ಅಂಗಡಿ ಇಟ್ಟರು.

ಊರಿನ ನೆಂಟರನ್ನು ನೋಡಿಬರಲು ಅವರಿಗೆ ಅನುಮತಿ ದೊರೆತದ್ದು 1987ರಲ್ಲಿ. ಅಷ್ಟರಲ್ಲಿ 38 ವರ್ಷಗಳು ಕಳೆದಿದ್ದವು. ಹಲವರ ತಂದೆತಾಯಿ ಆಗಲೇ ತೀರಿಹೋಗಿದ್ದರು. ಈ ಸಾರನ್ನು ಉಣ್ಣದವರೂ ಇದರ ಕಥೆಯನ್ನು ತಿಳಿಯಬೇಕಾದದ್ದು ಇದಕ್ಕಾಗಿಯೇ.

ಸಸ್ಯಾಹಾರಿಗಳಿಗೆ ಸ್ವಸ್ತಿಕ

ನೀವು ಸಸ್ಯಾಹಾರಿಗಳಾಗಿದ್ದರೆ ಹೆದರಬೇಡಿ. ಅಂಗಡಿಯ ಫಲಕದಲ್ಲಿ ಸ್ವಸ್ತಿಕದ ಚಿಹ್ನೆಯನ್ನು ಹುಡುಕಿ. ಭಾರತದಿಂದ ಬೌದ್ಧಧರ್ಮದೊಡನೆ ಹೋದ ಆ ಚಿಹ್ನೆ ಅಲ್ಲಿ ಸಸ್ಯಾಹಾರದ ಗುರುತೂ ಆಗಿದೆ. ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನ ಮಾಂಸ ಬಿಡುವವರು ಅಲ್ಲಿ ಬಹಳ ಮಂದಿ ಇದ್ದಾರೆ. ಬೆಳ್ಳುಳ್ಳಿ, ಈರುಳ್ಳಿಯಂಥ ಘಾಟಿನ ಪದಾರ್ಥಗಳನ್ನೂ ಕಟ್ಟಾ ಸಸ್ಯಾಹಾರಿಗಳು ತಿನ್ನುವುದಿಲ್ಲ. ಆಹಾರದ ಪೊಟ್ಟಣಗಳ ಮೇಲೆ ಹಾಲು, ಮೊಟ್ಟೆ ಇದೆಯೇ ಎಂಬುದನ್ನೂ ಬೇರೆಬೇರೆಯಾಗಿ ನಮೂದಿಸಿರುತ್ತಾರೆ.

ತಂಪು ತಿನಿಸುಗಳಲ್ಲಿ 'ಐಯು' ವಿಶೇಷವಾದದ್ದು. ಅತ್ತಿಯ ಜಾತಿಗೆ ಸೇರಿದ ಒಂದು ಬಳ್ಳಿಯ ಕಾಯನ್ನು ಒಣಗಿಸಿ, ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ತಣ್ಣೀರಿನಲ್ಲಿ ಹಿಸುಕುತ್ತಾರೆ. ಬೀಜದ ಹೊರಪದರದ ಪೆಕ್ಟಿನ್ ನೀರಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ, ಬೆಂಕಿಯ ಹಂಗಿಲ್ಲದೆ ನೀರೇ ಹೆಪ್ಪುಗಟ್ಟುತ್ತದೆ. ನಿಂಬೆರಸ, ಸಕ್ಕರೆ ಪಾಕ ಹಾಕಿ ಅದನ್ನು ತಿನ್ನುತ್ತಾರೆ.

ಇನ್ನು ಲೋಕವೆಲ್ಲ ಬಲ್ಲ 'ಮುತ್ತಿನ ಚಹಾ'. ಮರಗೆಣಸಿನ ಹಿಟ್ಟಿನಿಂದ ಮಾಡಿದ, ನಮ್ಮ ಸಬ್ಬಕ್ಕಿಯ ಅಣ್ಣನಂಥ ಗುಂಡುಗಳನ್ನು ತಣ್ಣನೆಯ ಹಾಲು ಚಹಾದಲ್ಲಿ ಹಾಕಿ, ದಪ್ಪ ಕೊಳವೆಯಿಂದ ಹೀರುತ್ತಾರೆ. 1980ರ ದಶಕದಲ್ಲಿ ಹುಟ್ಟಿದ ಈ ಪಾನೀಯವನ್ನು ತಾನೇ ಮೊದಲು ಮಾಡಿದೆನೆಂದು ತೈಚುಂಗ್ ಮತ್ತು ತೈನಾನ್ ನಗರಗಳ ಎರಡು ಚಹಾ ಅಂಗಡಿಗಳು ವಾದಿಸಿದವು. ಇದಕ್ಕೆ ಪೇಟೆಂಟ್ ಇಲ್ಲ, ಯಾರು ಬೇಕಾದರೂ ಮಾಡಬಹುದು. ಆದ್ದರಿಂದ ಮೊದಲಿಗರು ಯಾರೆಂದು ತೀರ್ಮಾನಿಸುವ ಅಗತ್ಯವಿಲ್ಲ ಎಂದು 2019ರಲ್ಲಿ ನ್ಯಾಯಾಲಯ ಹೇಳಿತು.

ಅತಿಥಿಯ ನಡತೆ

ಪರನಾಡಿನ ಬೀದಿಯಲ್ಲಿ ತಿನ್ನುವಾಗ ಕೆಲವು ನಡತೆಗಳನ್ನು ತಿಳಿದಿರಬೇಕು. ಸರದಿಯಲ್ಲಿ ನಿಲ್ಲಿ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ಸತ್ತವರಿಗೆ ಊದಿನಕಡ್ಡಿ ಹಚ್ಚಿದಂತೆ ಕಾಣುವುದರಿಂದ ಅವರಿಗೆ ನೋವಾಗುತ್ತದೆ. ಹಿಡಿಸದ ತಿಂಡಿಯನ್ನು ಕಂಡು 'ಛೀ' ಎನ್ನಬೇಡಿ. ಬೇಡವಾದರೆ ನಗುತ್ತಾ ಬೇಡವೆನ್ನಿ. ಆದರೆ "ಇದನ್ನು ಮಾಡಲು ಯಾರಿಂದ ಕಲಿತಿರಿ?" ಎಂದು ಕೇಳಿ.

ಈ ಕಥೆ ಇನ್ನೂ ಮುಗಿದಿಲ್ಲ. ಈಗ ವಿಯೆಟ್ನಾಂ, ಇಂಡೋನೇಷ್ಯಾಗಳಿಂದ ಮದುವೆಯಾಗಿ ಅಥವಾ ದುಡಿಮೆಗಾಗಿ ಬಂದವರು ತಮ್ಮ ಊರಿನ ಅಡುಗೆಯನ್ನು ಅದೇ ಬೀದಿಗಳಲ್ಲಿ ಮಾರುತ್ತಿದ್ದಾರೆ. ಒಂದು ಕಾಲಕ್ಕೆ ಹೊರಗಿನವರದಾಗಿದ್ದ ತಿಂಡಿ ಇನ್ನೊಂದು ಕಾಲಕ್ಕೆ ನಾಡಿನದೇ ಆಗುತ್ತದೆ. ನಾವು ದಿನವೂ ತಿನ್ನುವ ಮೆಣಸಿನಕಾಯಿ ಕೂಡ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದದ್ದು. ಇಂದು ಅದಿಲ್ಲದ ಅಡುಗೆಮನೆಯನ್ನು ನಿಮ್ಮ ಅಜ್ಜಿ ಊಹಿಸಿಕೊಳ್ಳಬಲ್ಲರೇ? ಕೇಳಿ ನೋಡಿ.

ಅಭ್ಯಾಸ

1. ತೈವಾನಿನ ರಾತ್ರಿ ಸಂತೆಗಳು ಗುಡಿಗಳ ಬಳಿ ಬೆಳೆದದ್ದೇಕೆ?
2. 'ಸಣ್ಣ ತಿಂಗಳು' ಎಂದರೇನು? ಆಗ ಬೆಸ್ತನು ಏನು ಮಾಡಿದನು?
3. 1949ರಲ್ಲಿ ಬಂದವರ ನೋವು ಶ್ಯಾವಿಗೆ ಸಾರಿನ ಕಥೆಯಲ್ಲಿ ಹೇಗೆ ಕಾಣುತ್ತದೆ?
4. ನಿಮ್ಮ ಮನೆಯ ಒಂದು ತಿಂಡಿ ಎಲ್ಲಿಂದ ಬಂತೆಂದು ಹಿರಿಯರನ್ನು ಕೇಳಿ, ಹತ್ತು ವಾಕ್ಯಗಳಲ್ಲಿ ಬರೆಯಿರಿ.