ನಡುರಾತ್ರಿಯ ಓಟಗಾರರು

ಶನಿವಾರ ರಾತ್ರಿ ಹತ್ತು ಗಂಟೆ. ಸಂಸಾರಸ್ಥರು ದೀಪವಾರಿಸಿ ಮಲಗುವ ಹೊತ್ತು. ಸಿಂಗಪುರದ ಈಸ್ಟ್ ಕೋಸ್ಟ್ ಉದ್ಯಾನದ ಕಡಲಂಚಿನ ಹಾದಿಯಲ್ಲಿ ಆಗ ಸಣ್ಣ ಸಣ್ಣ ಗುಂಪುಗಳು ಬಂದು ಕೂಡುತ್ತವೆ. ಗುಮಾಸ್ತರು, ಉಪಾಧ್ಯಾಯಿನಿಯರು, ಎಂಜಿನಿಯರರು, ಮಕ್ಕಳನ್ನು ಮಲಗಿಸಿ ಬಂದ ತಾಯಂದಿರು. ಸೊಂಟದಲ್ಲಿ ನೀರಿನ ಸೀಸೆ, ಬೆನ್ನಿನ ಮೇಲೆ ಬೆಳಕು ತಾಗಿದರೆ ಹೊಳೆಯುವ ಪಟ್ಟಿ. ಮುಂದಿನ ಮೂರು ಗಂಟೆಗಳ ಕಾಲ ಇವರ ಕೆಲಸ ಒಂದೇ, ಓಡುವುದು.

ಇರುಳಿನ ಮ್ಯಾರಥಾನಿಗೆ ಸಿದ್ಧರಾಗುವ ಬಗೆ ಇದು. ಸಿಂಗಪುರದಲ್ಲಿ 2008ರಲ್ಲಿ ಮೊದಲುಗೊಂಡ 'ಸನ್‌ಡೌನ್ ಮ್ಯಾರಥಾನ್' ನಡುರಾತ್ರಿಯ ಓಟವೆಂದೇ ಹೆಸರಾಯಿತು. ಭೂಮಧ್ಯರೇಖೆಗೆ ಕೇವಲ ಒಂದು ಡಿಗ್ರಿಯಷ್ಟು ದೂರವಿರುವ ಆ ದ್ವೀಪದಲ್ಲಿ 42.195 ಕಿಲೋಮೀಟರುಗಳನ್ನು ಬಿಸಿಲಿನಲ್ಲಿ ಓಡುವುದು ಯಾರಿಗೆ ಬೇಕು? ಸೂರ್ಯನೇ ಇಲ್ಲದ ಮೇಲೆ ಇನ್ನೇನು ಭಯ ಎಂದು ಹೊಸಬರು ಭಾವಿಸುತ್ತಾರೆ. ಅವರು ಮೋಸಹೋಗುವುದು ಇಲ್ಲಿಯೇ.

ಮಧ್ಯಾಹ್ನ ಶೇಕಡಾ 60ರ ಸುಮಾರಿಗೆ ಇಳಿದಿರುವ ಅಲ್ಲಿನ ಗಾಳಿಯ ತೇವ, ಬೆಳಗಿನ ಜಾವಕ್ಕೆ ಶೇಕಡಾ 90ನ್ನು ಮೀರುತ್ತದೆ. ದೇಹವನ್ನು ತಂಪುಮಾಡುವುದು ಬೆವರಲ್ಲ, ಬೆವರು ಆರುವುದು. ಮಳೆಗಾಲದಲ್ಲಿ ಹಗ್ಗದ ಮೇಲೆ ಹರವಿದ ಬಟ್ಟೆ ಎರಡು ದಿನವಾದರೂ ಒಣಗದಿರುವುದನ್ನು ಯಾವ ಗೃಹಿಣಿ ಕಂಡಿಲ್ಲ? ಓಟಗಾರನ ಮೈಯ ಗತಿಯೂ ಅದೇ. ಬೆವರು ಧಾರೆಯಾಗಿ ಸುರಿದು ನೆಲಕ್ಕೆ ಬೀಳುತ್ತದೆ. ಒಳಗಿನ ಕಾವು ಒಳಗೇ ಉಳಿಯುತ್ತದೆ.

ಇದು ಬರಿಯ ಊಹೆಯಲ್ಲ. 2019ರ ಸೆಪ್ಟೆಂಬರ್ 27ರಂದು ಕತಾರಿನ ದೋಹಾದಲ್ಲಿ, ವಿಶ್ವ ಅಥ್ಲೆಟಿಕ್ ಸ್ಪರ್ಧೆಯ ಮಹಿಳಾ ಮ್ಯಾರಥಾನನ್ನು ಸೆಕೆಗೆ ಅಂಜಿಯೇ ರಾತ್ರಿ 11 ಗಂಟೆ 59 ನಿಮಿಷಕ್ಕೆ ಆರಂಭಿಸಿದರು. ಆಗಲೂ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್, ತೇವ ಶೇಕಡಾ 70ಕ್ಕೂ ಮೇಲು. ಹೊರಟ 68 ಮಂದಿಯಲ್ಲಿ 28 ಮಂದಿ ನಡುವೆಯೇ ನಿಂತರು. ಅವರೆಲ್ಲ ಜಗತ್ತಿನ ಆಯ್ದ ಓಟಗಾರ್ತಿಯರು! ಗೆದ್ದ ಕೀನ್ಯಾದ ರೂತ್ ಚೆಪ್‌ಂಗೆಟಿಚ್ ತೆಗೆದುಕೊಂಡ ಕಾಲ 2 ಗಂಟೆ 32 ನಿಮಿಷ 43 ಸೆಕೆಂಡು. ಅದೇ ವರ್ಷ ಆಕೆ ದುಬೈಯಲ್ಲಿ ಇದಕ್ಕಿಂತ ಹದಿನೈದು ನಿಮಿಷಕ್ಕೂ ಬೇಗ ಓಡಿದ್ದಳು.

ಆದರೆ ದೇಹ ಕಲಿಯಬಲ್ಲುದು. ಸೆಕೆಯಲ್ಲಿ ಹತ್ತು-ಹದಿನಾಲ್ಕು ದಿನ ಹದವಾಗಿ ಅಭ್ಯಾಸ ಮಾಡಿದರೆ ರಕ್ತದಲ್ಲಿನ ದ್ರವಾಂಶ ಹೆಚ್ಚುತ್ತದೆ. ಬೆವರು ಬೇಗ ಮೂಡುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಅಭ್ಯಾಸ ಬಿಟ್ಟ ಕೆಲವು ವಾರಗಳಲ್ಲಿಯೇ ಈ ಗಳಿಕೆ ಕರಗಿಹೋಗುವುದೂ ಉಂಟು. ಹೊಟ್ಟೆಗೂ ನಿದ್ರೆಗೂ ಬೇರೆಯೇ ಪಾಠ: ಮಧ್ಯಾಹ್ನ ಒಂದು ನಿದ್ರೆ, ಸಂಜೆಯೇ ಎಣ್ಣೆಯಿಲ್ಲದ ಹಗುರವಾದ ಊಟ. ನೀರನ್ನಂತೂ ಸಿಕ್ಕಷ್ಟು ಕುಡಿಯುವುದಲ್ಲ. ಓಟದ ಮುಂಚೆ ಮತ್ತು ಆಮೇಲೆ ತೂಗಿ ನೋಡಿದಾಗ ತೂಕ ಹೆಚ್ಚಿದ್ದರೆ ಅತಿಯಾಗಿ ಕುಡಿದಿದ್ದಾರೆಂದು ಅರ್ಥ; ರಕ್ತದ ಸೋಡಿಯಂ ತೆಳುವಾದರೆ ಅದೂ ಪ್ರಾಣಾಪಾಯವೇ.

ಇಷ್ಟನ್ನು ಒಬ್ಬನೇ ಮನೆಯಲ್ಲಿ ಕುಳಿತು ಕಲಿಯಬಹುದಲ್ಲವೆ? ಕಲಿಯಬಹುದು. ಒಂದನ್ನು ಮಾತ್ರ ಕಲಿಯಲಾಗದು. ಒಳಮೈಯ ಕಾವು 40 ಡಿಗ್ರಿ ಮೀರಿ ಉಷ್ಣಾಘಾತವಾದಾಗ ಮೊದಲು ಕೆಡುವುದು ಬುದ್ಧಿ. ತನ್ನ ಕಾಲು ತಡವರಿಸುತ್ತಿದೆ, ತಾನು ಅಸಂಬದ್ಧವಾಗಿ ಆಡುತ್ತಿದ್ದೇನೆ ಎಂಬುದು ರೋಗಿಗೇ ತಿಳಿಯದು. ಪಕ್ಕದಲ್ಲಿ ಓಡುವವನಿಗೆ ತಿಳಿಯುತ್ತದೆ. ಅಂತಹವರನ್ನು ಒಡನೆಯೇ ನಿಲ್ಲಿಸಿ, ಸಹಾಯಕ್ಕೆ ಕರೆಕಳಿಸಿ, ವೈದ್ಯರ ಕೈ ಸೇರುವವರೆಗೆ ಕಾಯದೆ ತಣ್ಣೀರಿನಿಂದ ಮೈಯನ್ನು ತಂಪುಮಾಡಬೇಕು.

ಗುಂಪಿನಿಂದ ಕೇಡೂ ಇಲ್ಲದಿಲ್ಲ. ಮುಂದಿನವನ ಹೆಜ್ಜೆಗೆ ಹೆಜ್ಜೆ ಹಾಕುವ ಹಟದಲ್ಲಿ ಸೋತವನೂ ಓಡುತ್ತಾನೆ. ಹಿಂದೆ ಬಿದ್ದೆನೆಂದು ಹೇಳಲು ನಾಚುತ್ತಾನೆ. ಆದುದರಿಂದ ತಿಳಿದವರು ಓಡುತ್ತಲೇ ಮಾತಾಡಿಸುತ್ತಾರೆ. ಒಂದು ವಾಕ್ಯವನ್ನು ಏದುಸಿರಿಲ್ಲದೆ ಮುಗಿಸಲಾರದವನು ವೇಗ ತಗ್ಗಿಸಬೇಕು. ಅವನ ಜೊತೆಗೆ ಇನ್ನೊಬ್ಬನೂ ತಗ್ಗಿಸಬೇಕು.

ಒಂದು ಗಂಟೆಯ ಮೇಲೆ ಓಟ ಮುಗಿಯುತ್ತದೆ. ಅಂಗಿ ಹಿಂಡಿದರೆ ನೀರು ಸುರಿಯುತ್ತದೆ, ಬೂಟಿನೊಳಗೆ ಪಚಪಚ ಸದ್ದು. ಯಾರೋ ಒಬ್ಬರು ತಲೆಗಳನ್ನು ಎಣಿಸುತ್ತಾರೆ. ಎಣಿಕೆಯಲ್ಲಿ ಒಂದು ಕಡಿಮೆಯಾದರೆ ಇಬ್ಬರು ದಣಿದ ಕಾಲಿನಲ್ಲೇ ಕತ್ತಲೆಯೊಳಗೆ ಹಿಂದಿರುಗುತ್ತಾರೆ. ಉಳಿದವರು ಕಾಫಿಗೆ ಹೊರಡದೆ ಅಲ್ಲಿಯೇ ಕಾದು ನಿಲ್ಲುತ್ತಾರೆ.