ಗೇರ್‌ಬಾಕ್ಸಿನ ಗುಟ್ಟು ಎಣ್ಣೆಯಲ್ಲಿ

ಲಕ್ಷಕ್ಕೂ ಹೆಚ್ಚು ಕಿಲೋಮೀಟರ್ ಓಡಿದ ಆಟೊಮ್ಯಾಟಿಕ್ ಕಾರು ಒಂದು ದಿನ ಮುಷ್ಕರ ಹೂಡುತ್ತದೆ. ಎಂಜಿನ್ ಅಬ್ಬರಿಸಿದರೂ ಚಕ್ರಕ್ಕೆ ಅವಸರವಿಲ್ಲ. ‘ಗೇರ್‌ಬಾಕ್ಸ್ ಬಿಚ್ಚಬೇಕು’ ಎಂದೊಡನೆ ಮನೆಯ ಲೆಕ್ಕಾಚಾರವೇ ತಲೆಕೆಳಗು. ಆದರೆ ಬಿಚ್ಚುವ ಮುನ್ನ ನೋಡಬೇಕಾದದ್ದು ಎಣ್ಣೆಯನ್ನು.

1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನ ‘ಹೈಡ್ರಾಮ್ಯಾಟಿಕ್’ನಿಂದ ಹಿಡಿದು ಇಂದಿನ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನವರೆಗೆ ಎಂಜಿನ್ನಿನ ಶಕ್ತಿಯನ್ನು ದಾಟಿಸುವುದು ಎಣ್ಣೆಯೇ. ಕ್ಲಚ್ ಫಲಕಗಳನ್ನು ಅದುಮಿ ಹಿಡಿಯುವುದೂ ಅದರ ಒತ್ತಡವೇ. ಶಾಲೆಯಲ್ಲಿ ಕಲಿತ ಪ್ಯಾಸ್ಕಲ್ ನಿಯಮ ಇಲ್ಲಿ ದುಡಿಯುತ್ತದೆ. ಎಣ್ಣೆ ಕಡಿಮೆಯಾದರೆ ಒತ್ತಡ ಕುಸಿದು ಫಲಕಗಳು ಜಾರುತ್ತವೆ. ಜಾರಿದರೆ ಬಿಸಿಯೇರಿ ಸುಡುತ್ತವೆ.

ಆದ್ದರಿಂದ ತಪಾಸಣೆಗೊಂದು ಕ್ರಮವುಂಟು. ಮೊದಲು ತಯಾರಕರು ಹೇಳಿದ ವಿಧಾನದಲ್ಲಿ ಎಣ್ಣೆಯ ಮಟ್ಟ ನೋಡಬೇಕು. ಬಳಿಕ ಬಣ್ಣ, ವಾಸನೆ. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪು. ಕಪ್ಪಾಗಿ ಸೀದ ವಾಸನೆ ಬಂದರೆ ಫಲಕ ಸುಟ್ಟಿರುವ ಸೂಚನೆ. ತಳದ ತಟ್ಟೆಯ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪು ಕೆಸರು ಅಂಟಿದ್ದರೆ ಸಹಜ ಸವೆತ. ಲೋಹದ ಚೂರುಗಳಿದ್ದರೆ ಅಪಾಯ. ಕಂಪ್ಯೂಟರ್ ನಿಯಂತ್ರಿತ ಕಾರಾದರೆ ಅದರಲ್ಲಿ ದಾಖಲಾದ ದೋಷಸಂಕೇತಗಳನ್ನೂ ಓದಬೇಕು.

ಎಣ್ಣೆ ಇಳಿದಿದ್ದಷ್ಟೇ ಕಾರಣವಾದರೆ ಸೋರಿಕೆ ನಿಲ್ಲಿಸಿ, ಸೂಚಿತ ದರ್ಜೆಯ ಎಣ್ಣೆ ತುಂಬಿ, ಫಿಲ್ಟರ್ ಬದಲಿಸಿದರೆ ಸಾಕಾದೀತು. ಸುಟ್ಟ ಫಲಕವನ್ನು ಮಾತ್ರ ಹೊಸ ಎಣ್ಣೆ ಬದುಕಿಸದು. ಹಣ ಕಟ್ಟುವ ಮುನ್ನ ಮೆಕ್ಯಾನಿಕ್‌ನನ್ನು ಕೇಳಬೇಕಾದ ಪ್ರಶ್ನೆ ಒಂದೇ: ‘ಎಣ್ಣೆ ನೋಡಿದಿರಾ?’